ಬದಲಾಗುತ್ತಿರುವ ದುಡಿಮೆ ಮತ್ತು ಜಾರಿಹೋಗುವ ಛೇದ: ಔದ್ಯೋಗಿಕ ಆರೋಗ್ಯ ಸಂಶೋಧನೆಯ ಕುರಿತು ಅಧ್ಯಯನ ಟಿಪ್ಪಣಿ

ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನಾ ವಿಧಾನಗಳು ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ಬಹುಮಟ್ಟಿಗೆ ಗಣಿ ಮತ್ತು ಕಾರ್ಖಾನೆಗಳ ಸುತ್ತ. ಅಲ್ಲಿ ಕಾರ್ಮಿಕನಿಗೆ ಒಬ್ಬ ಮಾಲೀಕನಿದ್ದ, ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ದಿನಕ್ಕೆ ಎಂಟು ಗಂಟೆಯ ಪಾಳಿ ಇತ್ತು, ಹತ್ತಾರು ವರ್ಷ ಅದೇ ಜಾಗದಲ್ಲಿ ಅದೇ ಕೆಲಸವಿತ್ತು. ನಾವು ಪರೀಕ್ಷೆಗಾಗಿ ಓದುವ ಅಪಘಾತ ದರ, ಧೂಳಿನ ಮಿತಿ, ದೀರ್ಘಕಾಲೀನ ಸಮೂಹ ಅಧ್ಯಯನ (ಒಂದೇ ಗುಂಪಿನವರನ್ನು ಹಲವು ವರ್ಷ ಹಿಂಬಾಲಿಸಿ ನೋಡುವುದು) ಎಲ್ಲವೂ ಈ ನಾಲ್ಕು ಸಂಗತಿಗಳು ಇದ್ದೇ ಇರುತ್ತವೆ ಎಂದು ಹಿಡಿದುಕೊಂಡು ನಡೆಯುತ್ತವೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇಂದಿನ ದುಡಿಮೆಯಲ್ಲಿ ಈ ನಾಲ್ಕೂ ಸಡಿಲಗೊಂಡಿವೆ. ಹೊಸ ಬಗೆಯ ಕೆಲಸ ಹೊಸ ಅಪಾಯ ತರುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹಳೆಯ ಅಪಾಯವನ್ನು ಅಳೆಯುವ ನಮ್ಮ ಅಳತೆಗೋಲೂ ಅದರೊಂದಿಗೆ ಕೆಡುತ್ತದೆ ಎಂಬುದು ಅಷ್ಟೇ ಮುಖ್ಯವಾದ ಮಾತು, ಮತ್ತು ಈ ಟಿಪ್ಪಣಿ ಅದನ್ನೇ ವಿವರಿಸುತ್ತದೆ.

ಛೇದದಿಂದ ಆರಂಭಿಸೋಣ

ಅಪಘಾತ ದರ ಒಂದು ಭಿನ್ನರಾಶಿ. ಅಂಶದಲ್ಲಿ ಗಾಯಗಳ ಸಂಖ್ಯೆ, ಛೇದದಲ್ಲಿ ಆ ಗಾಯಗಳು ಸಂಭವಿಸಬಹುದಾಗಿದ್ದ ಜನ ಅಥವಾ ಸಮಯ. ಗಾಯಗಳನ್ನು ಎಣಿಸಲು ನಾವು ಬಹಳ ಕಷ್ಟಪಡುತ್ತೇವೆ. ಛೇದವನ್ನು ಮಾತ್ರ ಯಾವುದೋ ದಾಖಲೆಯಿಂದ ಎತ್ತಿಕೊಂಡು ಮುಂದೆ ಹೋಗುತ್ತೇವೆ.

ಕಾಫಿ ತೋಟದ ಒಂದು ಕಲ್ಪಿತ ಲೆಕ್ಕವನ್ನು ನೋಡಿ. ಹಿಂದೆ ತೋಟದೊಳಗಿನ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ ವಾಸವಿದ್ದ 100 ಕಾಯಂ ಕಾರ್ಮಿಕರು ವರ್ಷವಿಡೀ ದುಡಿಯುತ್ತಿದ್ದರು ಮತ್ತು ವರ್ಷದಲ್ಲಿ 8 ಗಾಯಗಳಾಗುತ್ತಿದ್ದವು ಎಂದುಕೊಳ್ಳಿ. ದರ ನೂರಕ್ಕೆ 8. ಈಗ ಅದೇ ತೋಟದಲ್ಲಿ 40 ಮಂದಿ ಮಾತ್ರ ಕಾಯಂ ಆಗಿದ್ದಾರೆ, ಹಣ್ಣಿನ ಕುಯ್ಲಿಗೆಂದು ಮೂರು ತಿಂಗಳ ಮಟ್ಟಿಗೆ 180 ಮಂದಿ ಹೊರಗಿನಿಂದ ಬರುತ್ತಾರೆ, ಗಾಯಗಳು 11. ತಲೆ ಎಣಿಸಿ ಭಾಗಿಸಿದರೆ 220ಕ್ಕೆ 11, ಅಂದರೆ ನೂರಕ್ಕೆ 5, ಆದ್ದರಿಂದ ತೋಟ ಮೊದಲಿಗಿಂತ ಸುರಕ್ಷಿತವಾಗಿದೆ ಎಂಬ ತೀರ್ಮಾನ ಬರುತ್ತದೆ. ಆದರೆ ಮೂರು ತಿಂಗಳು ದುಡಿದವರು ವರ್ಷವಿಡೀ ಅಪಾಯದಲ್ಲಿರಲಿಲ್ಲ. ಒಬ್ಬರು ಒಂದು ವರ್ಷ ದುಡಿದದ್ದನ್ನು ಒಂದು ವ್ಯಕ್ತಿ-ವರ್ಷ ಎಂದು ಎಣಿಸಿದರೆ, 180 ಮಂದಿಯ ಮೂರು ತಿಂಗಳು 45 ವ್ಯಕ್ತಿ-ವರ್ಷಗಳಿಗೆ ಸಮ. ಕಾಯಂ ಕಾರ್ಮಿಕರ 40 ಸೇರಿಸಿದರೆ ಛೇದ 85 ಆಗುತ್ತದೆ, ದರ ನೂರು ವ್ಯಕ್ತಿ-ವರ್ಷಕ್ಕೆ ಸುಮಾರು 13ಕ್ಕೆ ಏರುತ್ತದೆ. ಗಾಯಾಳುಗಳ ಪಟ್ಟಿಯನ್ನು ಆಸ್ಪತ್ರೆಯಿಂದಲೂ ಕಾರ್ಮಿಕರ ಸಂಖ್ಯೆಯನ್ನು ತೋಟದ ಹಾಜರಿ ಪುಸ್ತಕವಾದ ಕಾಯಂ ಚೆಕ್‌ರೋಲ್‌ನಿಂದಲೂ ತೆಗೆದುಕೊಂಡರಂತೂ 40ಕ್ಕೆ 11, ಅಂದರೆ ನೂರಕ್ಕೆ 27.5 ಎಂಬ ಅರ್ಥವಿಲ್ಲದ ಸಂಖ್ಯೆ ಸಿಗುತ್ತದೆ.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ಅಪಘಾತದ ಆವರ್ತನ ದರವನ್ನು ಹತ್ತು ಲಕ್ಷ ದುಡಿಮೆ ಗಂಟೆಗಳಿಗೆ ಎಷ್ಟು ಗಾಯ ಎಂದು ಹೇಳುವ ಪದ್ಧತಿಯಿದೆ. ಕಾಯಂ ಕಾರ್ಮಿಕರು ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ ದುಡಿಯುತ್ತಾರೆ. ಕುಯ್ಲಿಗೆ ಬಂದವರು 75 ದಿನ, ದಿನಕ್ಕೆ 10 ಗಂಟೆ ದುಡಿಯುತ್ತಾರೆ ಎಂದುಕೊಂಡರೆ ಹಿಂದಿನ ದರ 33.3, ಈಗಿನದು 47.6. ಏರಿಕೆ ನಿಜ, ಆದರೆ ವ್ಯಕ್ತಿ-ವರ್ಷದ ಲೆಕ್ಕ ತೋರಿಸಿದಷ್ಟು ದೊಡ್ಡದಲ್ಲ, ಏಕೆಂದರೆ ಆ ಏರಿಕೆಯ ಒಂದು ಪಾಲು ಹೆಚ್ಚು ಗಂಟೆ ದುಡಿದದ್ದರಿಂದಲೇ ಬಂದದ್ದು. ಯಾವ ಛೇದವನ್ನು ಬಳಸಿದ್ದಾರೆಂದು ಹೇಳದ ವರದಿಯಲ್ಲಿ ದರ ಏರಿತೋ ಇಳಿಯಿತೋ ಎಂಬುದನ್ನು ನಂಬುವ ಹಾಗಿಲ್ಲ.

ಗಂಟೆಗಳನ್ನು ಎಲ್ಲಿಂದ ತರುವುದು ಎಂಬುದು ಮುಂದಿನ ತೊಡಕು. ಕೆಜಿ ಲೆಕ್ಕದಲ್ಲಿ ಕುಯ್ಲು ಕೊಡುವಾಗ ಸಂಜೆಯ ತೂಕವಷ್ಟೇ ಪುಸ್ತಕಕ್ಕೆ ಏರುತ್ತದೆ. ಕಾರ್ಮಿಕರನ್ನು ಕರೆತಂದು ದುಡಿಸುವ ಮೇಸ್ತ್ರಿಯ ಪುಸ್ತಕದ ಒಂದು ಸಾಲಿನಲ್ಲಿ ಒಬ್ಬ ಗಂಡಸಿನ ಹೆಸರು, ಮುಂದೆ ಕೆಜಿ, ಅದರ ಮುಂದೆ ಮುಂಗಡದಲ್ಲಿ ಕಳೆದ ಹಣ ಇರುತ್ತದೆ. ಆ ಚೀಲದ ಹಣ್ಣನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಕುಯ್ದಿದ್ದರೂ ಸಾಲು ಒಂದೇ. ಹೆಂಡತಿಯ ಬೆನ್ನುನೋವು ಅಂಶಕ್ಕೆ ಸೇರಬಹುದು, ಅವಳ ದುಡಿಮೆ ಛೇದಕ್ಕೆ ಸೇರುವುದೇ ಇಲ್ಲ. ಇಂತಹ ಪುಸ್ತಕವನ್ನು ಸಂಶೋಧನೆಗೆ ಬಳಸಬಾರದು ಎಂದು ನಾನು ಹೇಳುವುದಿಲ್ಲ. ಅದು ಕೂಲಿಯ ದಾಖಲೆ, ದುಡಿಮೆಯ ದಾಖಲೆಯಲ್ಲ ಎಂಬುದನ್ನು ಬರೆದಿಟ್ಟುಕೊಂಡು ಬಳಸಬೇಕು.

ಕಾನೂನಿನ ಗಡಿಗಳೂ ಛೇದವನ್ನು ಅಲುಗಾಡಿಸುತ್ತವೆ. 1951ರ ತೋಟ ಕಾರ್ಮಿಕರ ಕಾಯ್ದೆ ಅನ್ವಯವಾಗುತ್ತಿದ್ದುದು 5 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣದ, 15 ಅಥವಾ ಹೆಚ್ಚು ಕಾರ್ಮಿಕರಿದ್ದ ತೋಟಗಳಿಗೆ; ಮಲೆನಾಡಿನ ಸಣ್ಣ ಹಿಡುವಳಿಗಳು ಅದರ ಅಂಕಿಅಂಶಗಳ ಹೊರಗೇ ಉಳಿದವು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ ವಿದ್ಯುತ್ ಬಳಸುವಲ್ಲಿ 10ರಿಂದ 20ಕ್ಕೆ, ಬಳಸದಲ್ಲಿ 20ರಿಂದ 40ಕ್ಕೆ ಏರಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆ ದಿನದ ಹಿಂದಿನ ಮತ್ತು ಮುಂದಿನ ಕಾರ್ಖಾನೆ ಅಪಘಾತಗಳ ಸಂಖ್ಯೆಯನ್ನು ಒಂದೇ ರೇಖೆಯಲ್ಲಿ ಎಳೆದು ಹೋಲಿಸುವವರು ಇದನ್ನು ಮರೆಯಬಾರದು.

ಎಂಟು ಗಂಟೆಯ ಮಿತಿ, ಹನ್ನೆರಡು ಗಂಟೆಯ ದಿನ

ಧೂಳು, ರಾಸಾಯನಿಕ ಮತ್ತು ಶಬ್ದದ ಮಿತಿಗಳನ್ನು ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆಯ ದುಡಿಮೆಗೆ ನಿಗದಿ ಮಾಡಲಾಗಿದೆ. ಉಳಿದ 16 ಗಂಟೆಗಳಲ್ಲಿ ದೇಹ ತನ್ನೊಳಗೆ ಸೇರಿದ್ದನ್ನು ಹೊರಹಾಕುತ್ತದೆ ಎಂಬ ಲೆಕ್ಕ ಅದರ ಹಿಂದಿದೆ. ಪಾಳಿ ಉದ್ದವಾದರೆ ಒಳಸೇರುವ ಸಮಯ ಹೆಚ್ಚುತ್ತದೆ, ಹೊರಹಾಕುವ ಸಮಯ ಅಷ್ಟೇ ಕಡಿಮೆಯಾಗುತ್ತದೆ. ಬ್ರೀಫ್ ಮತ್ತು ಸ್ಕಾಲಾ 1975ರಲ್ಲಿ ಕೊಟ್ಟ ಸರಳ ಸೂತ್ರ ಇವೆರಡನ್ನೂ ಗುಣಿಸುತ್ತದೆ: 8ನ್ನು ಪಾಳಿಯ ಗಂಟೆಗಳಿಂದ ಭಾಗಿಸಿ, ಅದನ್ನು ವಿಶ್ರಾಂತಿಯ ಗಂಟೆಗಳನ್ನು 16ರಿಂದ ಭಾಗಿಸಿದ್ದಕ್ಕೆ ಗುಣಿಸಬೇಕು. 10 ಗಂಟೆಯ ಪಾಳಿಗೆ 0.7, 12 ಗಂಟೆಯ ಪಾಳಿಗೆ 0.5 ಬರುತ್ತದೆ; ಎಂಟು ಗಂಟೆಯ ಮಿತಿಯನ್ನು ಈ ಸಂಖ್ಯೆಯಿಂದ ಗುಣಿಸಬೇಕು. ಪಾಳಿ ಒಂದೂವರೆ ಪಟ್ಟಾದರೆ ಮಿತಿ ಮೂರನೇ ಎರಡಕ್ಕಲ್ಲ, ಅರ್ಧಕ್ಕೇ ಇಳಿಯುತ್ತದೆ ಎಂಬುದನ್ನು ಗಮನಿಸಿ. ತಕ್ಷಣ ಕೆರಳಿಸುವ ವಸ್ತುಗಳಿಗೆ ಈ ಸೂತ್ರ ಹೊಂದುವುದಿಲ್ಲ. ಅಲ್ಲಿ ಮುಖ್ಯವಾಗುವುದು ಆ ಕ್ಷಣದ ಸಾಂದ್ರತೆ.

ನಮ್ಮಲ್ಲಿ ಇದು ಬರೀ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಕಾರ್ಖಾನೆಗಳಲ್ಲಿ ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಕರ್ನಾಟಕ 2023ರ ತಿದ್ದುಪಡಿಯಲ್ಲಿ ಅವಕಾಶ ಮಾಡಿತು. ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳನ್ನು ತೆಗೆದುಕೊಳ್ಳಿ: ಹಿಂದೆ ಸಾಲಾಗಿ ಕುಳಿತ ಹೆಂಗಸರು ಕೈಯಲ್ಲಿ ಬೀಜ ಆರಿಸುತ್ತಿದ್ದರು, ಈಗ ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳು ಆ ಕೆಲಸ ಮಾಡುತ್ತವೆ. ಕುತ್ತಿಗೆ ಮತ್ತು ಸೊಂಟದ ನೋವಿನ ಪ್ರಶ್ನೆ ಹಿಂದೆ ಸರಿದು, ಯಂತ್ರದ ಬಳಿ ನಿಲ್ಲುವ ಕೆಲವೇ ಮಂದಿಯ ಶಬ್ದ, ಧೂಳು ಮತ್ತು ಪಾಳಿಯ ಪ್ರಶ್ನೆ ಮುಂದೆ ಬರುತ್ತದೆ. ಹಸಿರು, ಅಂದರೆ ಹುರಿಯದ, ಕಾಫಿ ಬೀಜದ ಧೂಳು ಮೂಗು ಮತ್ತು ಶ್ವಾಸನಾಳದ ಅಲರ್ಜಿಗೆ ಕಾರಣವಾಗುತ್ತದೆ ಎಂಬುದು ಬಹಳ ಕಾಲದಿಂದ ಗೊತ್ತಿರುವ ವಿಷಯ. ಹತ್ತು ವರ್ಷ ಹಳೆಯ ಅಳತೆಯನ್ನು ಇಂದಿನ ಕಾರ್ಮಿಕರಿಗೆ ಅನ್ವಯಿಸಿದರೆ ಹುದ್ದೆಯ ಹೆಸರು ಹೊಂದಬಹುದು, ಒಡ್ಡಿಕೆ (ಧೂಳು, ಶಬ್ದಗಳಿಗೆ ದೇಹ ಎಷ್ಟು ಸಿಲುಕುತ್ತದೆ ಎಂಬುದು) ಹೊಂದುವುದಿಲ್ಲ.

ಇದೇ ತೊಡಕು ದೀರ್ಘ ದುಡಿಮೆಯ ಅಧ್ಯಯನಗಳಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವಾರಕ್ಕೆ 55 ಅಥವಾ ಹೆಚ್ಚು ಗಂಟೆ ದುಡಿಯುವುದರಿಂದ 2016ರಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 7,45,000 ಮಂದಿ ಸತ್ತರು. ವರ್ಷದಲ್ಲಿ ಹತ್ತು ವಾರ 60 ಗಂಟೆ ದುಡಿದು, ಉಳಿದ ತಿಂಗಳುಗಳಲ್ಲಿ ಊರಿಗೆ ಮರಳಿ ಬೇರೆ ಕೆಲಸ ಹುಡುಕುವ ಕುಯ್ಲಿನ ಕಾರ್ಮಿಕನನ್ನು ಯಾವ ಗುಂಪಿಗೆ ಹಾಕುತ್ತೀರಿ? ವರ್ಷದ ಸರಾಸರಿ ತೆಗೆದರೆ ಅವನ ದುಡಿಮೆಯ ಭಾರವೇ ಮಾಯವಾಗುತ್ತದೆ.

ಮೂಲಮಟ್ಟ ಇಲ್ಲದ ರಕ್ತಪರೀಕ್ಷೆ

ಕಾಫಿ ಗಿಡದ ಕಾಂಡ ಕೊರೆಯುವ ಹುಳುವಾದ ಬಿಳಿ ಕಾಂಡಕೊರಕದ ಹತೋಟಿಗೆ ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್ ಔಷಧಿ ಹೊಡೆಯುವುದು ಕಾಫಿ ತೋಟಗಳಿಗೆ ಹೊಸದಲ್ಲ. ಈ ಗುಂಪಿನ ಕೀಟನಾಶಕ ದೇಹ ಸೇರಿದರೆ ರಕ್ತದ ಕೋಲಿನೆಸ್ಟರೇಸ್ ಕಿಣ್ವದ ಚಟುವಟಿಕೆ ಇಳಿಯುತ್ತದೆ. ಆದರೆ ಆರೋಗ್ಯವಂತರಲ್ಲೇ ಈ ಮಟ್ಟ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಾಗುವುದರಿಂದ ಪರೀಕ್ಷೆಯ ಫಲಿತಾಂಶವನ್ನು ಆ ಕಾರ್ಮಿಕನದೇ ಹಿಂದಿನ ಮಟ್ಟದೊಂದಿಗೆ, ಅಂದರೆ ಮೂಲಮಟ್ಟದೊಂದಿಗೆ, ಹೋಲಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದಲ್ಲಿ ಮೂಲಮಟ್ಟದ ಶೇ. 80ಕ್ಕಿಂತ ಕೆಳಗಿಳಿದರೆ ಕೆಲಸದ ವಿಧಾನವನ್ನು ಪರಿಶೀಲಿಸಬೇಕು, ಕೆಂಪು ರಕ್ತಕಣದ ಕಿಣ್ವ ಶೇ. 70ಕ್ಕೆ ಇಳಿದರೆ ಔಷಧಿಯ ಕೆಲಸದಿಂದ ದೂರವಿಡಬೇಕು. ಆ ಮೂಲಮಟ್ಟವನ್ನು ತೆಗೆಯುವ ಮುನ್ನ ಕಾರ್ಮಿಕ ಕೆಲವು ವಾರಗಳಾದರೂ ಇಂತಹ ಕೀಟನಾಶಕದಿಂದ ದೂರವಿದ್ದಿರಬೇಕು.

ಕಾಯಂ ಕಾರ್ಮಿಕನಿದ್ದಾಗ ಇದು ಸಾಧ್ಯವಿತ್ತು. ಈಗ ಔಷಧಿ ಹೊಡೆಯುವ ತಂಡ ಈ ವಾರ ಮೂಡಿಗೆರೆ, ಮುಂದಿನ ವಾರ ಸಕಲೇಶಪುರ, ಆಮೇಲೆ ಬಯಲುಸೀಮೆಯ ಶುಂಠಿ ಹೊಲ ಎಂದು ಗುತ್ತಿಗೆಯ ಮೇಲೆ ತಿರುಗುತ್ತಿದ್ದರೆ, ನಮ್ಮ ಕೈಗೆ ಸಿಗುವ ಮೊದಲ ರಕ್ತದ ಮಾದರಿಯೇ ಈಗಾಗಲೇ ಇಳಿದಿರುವ ಮಟ್ಟವಾಗಿರಬಹುದು. ಅದನ್ನು ಮೂಲಮಟ್ಟವೆಂದು ಬರೆದುಕೊಂಡರೆ ಮುಂದಿನ ಪರೀಕ್ಷೆಗಳೆಲ್ಲ ಅವನು ಕ್ಷೇಮ ಎಂದೇ ಹೇಳುತ್ತವೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಉತ್ತಮ ದಾರಿ ಅಧ್ಯಯನದ ಕ್ರಮವನ್ನೇ ತಿರುಗಿಸುವುದು: ಔಷಧಿಯ ಕೆಲಸ ನಿಂತು ಮೂರು ನಾಲ್ಕು ತಿಂಗಳಾದ ಮೇಲೆ ಮತ್ತೊಮ್ಮೆ ರಕ್ತ ತೆಗೆದು, ಆ ಚೇತರಿಸಿಕೊಂಡ ಮಟ್ಟವನ್ನು ಆಧಾರವಾಗಿಟ್ಟು ಹಿಂದಿನದನ್ನು ಅಳೆಯಬೇಕು. ಅದಕ್ಕಾಗಿ ಕಾರ್ಮಿಕನ ಬೆನ್ನು ಹತ್ತಬೇಕು, ತೋಟದ ವಿಳಾಸ ಸಾಲದು.

ಬಿಟ್ಟುಹೋದವರು ಎಣಿಕೆಯಲ್ಲಿ ಇರುವುದಿಲ್ಲ. ದುಡಿಯುವವರ ಸಮೂಹ ಸಾಮಾನ್ಯ ಜನರಿಗಿಂತ ಗಟ್ಟಿಯಾಗಿ ಕಾಣುವ ಆರೋಗ್ಯವಂತ ಕಾರ್ಮಿಕ ಪರಿಣಾಮವನ್ನು ನಾವೆಲ್ಲ ಓದಿದ್ದೇವೆ. ಋತುಮಾನದ ವಲಸೆಯಲ್ಲಿ ಅದು ಪ್ರತಿವರ್ಷ ಹೊಸದಾಗಿ ನಡೆಯುವ ಜರಡಿ. ಹಿಂದಿನ ಕುಯ್ಲಿನಲ್ಲಿ ಮೆಣಸಿನ ಏಣಿಯಿಂದ ಬಿದ್ದವನು ಈ ವರ್ಷ ಅಸ್ಸಾಮಿನ ತನ್ನ ಊರಿನಲ್ಲೇ ಉಳಿಯುತ್ತಾನೆ. ಅವನ ಜಾಗಕ್ಕೆ ಅವನ ತಮ್ಮ ಬರುತ್ತಾನೆ.

ಹಾಸನದ ಪೇಟೆಯಲ್ಲಿ ಬೈಕಿನ ಮೇಲೆ ಊಟ ತಲುಪಿಸುವವರ ವಿಷಯದಲ್ಲಿ ಛೇದದ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ: ಆ್ಯಪ್‌ಗೆ ಲಾಗಿನ್ ಆಗಿ ಆರ್ಡರಿಗಾಗಿ ಹೋಟೆಲಿನ ಮುಂದೆ ಕಾಯುವ ಸಮಯ ದುಡಿಮೆಯೋ ಅಲ್ಲವೋ ಎಂಬುದರ ಮೇಲೆ ದರ ನಿಲ್ಲುತ್ತದೆ. ಕಾಯುವ ಸಮಯವನ್ನೂ ಸೇರಿಸಿದ ದರ ಮತ್ತು ಸೇರಿಸದ ದರ ಎರಡನ್ನೂ ಕೊಡುವುದು ಒಳ್ಳೆಯದು.

ಅಂಶವೂ ಜಾರುತ್ತದೆ

ಇಷ್ಟು ಹೊತ್ತು ಛೇದದ ಮಾತಾಯಿತು. ಗಾಯವನ್ನು ಔದ್ಯೋಗಿಕ ಎಂದು ಗುರುತಿಸುವುದರಲ್ಲೂ ದುಡಿಮೆಯ ಸ್ವರೂಪದ ಪಾತ್ರವಿದೆ, ಮತ್ತು ಇದಕ್ಕೆ ಸಕಲೇಶಪುರ, ಆಲೂರು, ಬೇಲೂರು ಭಾಗದ ಕಾಡಾನೆ ದಾಳಿಗಿಂತ ಸ್ಪಷ್ಟ ಉದಾಹರಣೆ ನನಗೆ ತೋಚುವುದಿಲ್ಲ. ಬೆಳಗ್ಗೆ ತೋಟದ ಕೆಲಸಕ್ಕೆ ಹೊರಟ ಕಾರ್ಮಿಕ ಆನೆ ತುಳಿದು ಸತ್ತರೆ ಅದು ಅರಣ್ಯ ಇಲಾಖೆಯ ದಾಖಲೆಯಲ್ಲಿ ವನ್ಯಜೀವಿ ದಾಳಿಯಾಗಿ ಸೇರುತ್ತದೆ, ಪರಿಹಾರವೂ ಆ ದಾರಿಯಲ್ಲೇ ಬರುತ್ತದೆ. 1923ರ ಪರಿಹಾರ ಕಾಯ್ದೆಯ ಕಾಲದಿಂದ ಕೇಳಿಬಂದಿರುವ ಪ್ರಶ್ನೆ, ಅಂದರೆ ಸಾವು ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ ಉಂಟಾಯಿತೇ ಎಂಬುದು, ಅಲ್ಲಿ ಏಳುವುದೇ ಇಲ್ಲ. ಲೈನ್ ಮನೆಯಿಂದ ತೋಟದೊಳಗೇ ನಡೆದು ಹೋಗುತ್ತಿದ್ದವರ ಬದಲು ಪಿಕಪ್‌ನಲ್ಲಿ ಬಂದಿಳಿದು ನಸುಕಿನಲ್ಲಿ ನಡೆಯುವವರು ಹೆಚ್ಚಿದರೆ ಅಪಾಯದ ಸಮಯವೂ ಜಾಗವೂ ಬದಲಾಗುತ್ತವೆ, ಆದರೆ ಆ ಬದಲಾವಣೆಯನ್ನು ತೋರಿಸುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲದಿದ್ದರೆ ವಿಶ್ಲೇಷಣೆ ಸಾಧ್ಯವಿಲ್ಲ. ಮಂಗನ ಕಾಯಿಲೆಯದೂ ಇದೇ ಬಗೆ: ಅದರ ಕಾಲವೂ ಕುಯ್ಲಿನ ಕಾಲವೂ ಒಂದರ ಮೇಲೊಂದು ಬರುತ್ತವೆ, ಉಣ್ಣೆ ಕಚ್ಚಿ ಜ್ವರ ಬರಲು ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ತಂಡ ಮತ್ತೊಂದು ತೋಟ ಸೇರಿರಬಹುದು.

ಆದ್ದರಿಂದ ಇಂತಹ ಅಧ್ಯಯನ ಕೈಗೊಳ್ಳುವವರು ಒಂದೇ ದಾಖಲೆಯನ್ನು ನೆಚ್ಚದೆ ಅರಣ್ಯ ಇಲಾಖೆ, ಪೊಲೀಸ್ ಠಾಣೆ ಮತ್ತು ತಾಲ್ಲೂಕು ಆಸ್ಪತ್ರೆಯ ದಾಖಲೆಗಳನ್ನು ಜೊತೆಗಿಟ್ಟು ಹೊಂದಿಸಬೇಕಾಗುತ್ತದೆ. ಹೊರರಾಜ್ಯದವರ ಹೆಸರು ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ ಇರುವುದರಿಂದ ಹೆಸರಿಗಿಂತ ದಿನಾಂಕ, ಗ್ರಾಮ, ವಯಸ್ಸು ಮತ್ತು ಗಾಯದ ವಿವರದ ಮೇಲೆ ಹೊಂದಿಸುವುದು ಹೆಚ್ಚು ವಿಶ್ವಾಸಾರ್ಹ. ಸಂದರ್ಶನವನ್ನು ಮೇಸ್ತ್ರಿ ಎದುರಿಗಿಲ್ಲದ ಹೊತ್ತಿನಲ್ಲಿ, ಕಾರ್ಮಿಕರ ಭಾಷೆ ಬಲ್ಲವರಿಂದ ಮಾಡಿಸಬೇಕು. ತೋಟದ ಮಾಲೀಕರ ಅನುಮತಿ ಕಾರ್ಮಿಕನ ಒಪ್ಪಿಗೆಯಾಗುವುದಿಲ್ಲ. ಪ್ರಶ್ನಾವಳಿಯಲ್ಲಿ ‘ನಿಮ್ಮ ಉದ್ಯೋಗವೇನು’ ಎಂದು ಕೇಳುವ ಜಾಗದಲ್ಲಿ ಕಳೆದ ಹನ್ನೆರಡು ತಿಂಗಳ ಒಂದೊಂದು ತಿಂಗಳಿಗೂ ಎಲ್ಲಿದ್ದಿರಿ, ಯಾರ ಕೈಕೆಳಗೆ ದುಡಿದಿರಿ, ಕೂಲಿ ದಿನದ ಲೆಕ್ಕದಲ್ಲೋ ಕೆಜಿ ಲೆಕ್ಕದಲ್ಲೋ, ಔಷಧಿ ಮುಟ್ಟಿದ್ದಿರಾ, ಯಾವ ಹೊತ್ತಿಗೆ ಹೊರಟು ಯಾವ ಹೊತ್ತಿಗೆ ಮರಳಿದಿರಿ ಎಂದು ಕೇಳಬೇಕು. ತಿಂಗಳ ಹೆಸರಿಗಿಂತ ಹಬ್ಬ, ಮಳೆ ಮತ್ತು ಕುಯ್ಲನ್ನು ಗುರುತಾಗಿಟ್ಟುಕೊಂಡು ಕೇಳಿದರೆ ಉತ್ತರ ಸುಲಭವಾಗಿ ಸಿಗುತ್ತದೆ.