ಒತ್ತಿದ್ದು ಒಂದು ಸಲ, ಎಣಿಸಿದ್ದು ಮೂರು

ಬಟನ್ ಒತ್ತಿದಾಗಲೆಲ್ಲ ಎಣಿಕೆಗೆ ಒಂದು ಕೂಡಿಸಬೇಕು, ಕೆಲಸ ಅಷ್ಟೇ. ಪರದೆಯ ಮೇಲೆ ಬಣ್ಣದ ಬ್ಲಾಕ್‌ಗಳನ್ನು ಎಳೆದು ತಂದು ಒಂದಕ್ಕೊಂದು ಸಿಕ್ಕಿಸಿ ಪ್ರೋಗ್ರಾಂ ಮಾಡಿ, ಚಿಪ್ ಇರುವ ಅಂಗೈಯಗಲದ ಬೋರ್ಡಿಗೆ ಕಳಿಸಿದೆ. ಒಮ್ಮೆ ಒತ್ತಿದೆ: ಒಂದು. ಇನ್ನೊಮ್ಮೆ ಒತ್ತಿದೆ: ನಾಲ್ಕು! ಬೋರ್ಡೇ ಕೆಟ್ಟಿರಬೇಕೆಂದು ಬೇರೆಯದನ್ನು ಹಾಕಿ ನೋಡಿದೆ. ಅದರದ್ದೂ ಅದೇ ರಾಗ.

ತಪ್ಪು ಬೋರ್ಡಿನದಲ್ಲ, ಬ್ಲಾಕ್‌ಗಳದ್ದೂ ಅಲ್ಲ. ಬಟನ್‌ನೊಳಗಿರುವುದು ಚಿಕ್ಕ ಲೋಹದ ಪಟ್ಟಿ. ಒತ್ತಿದಾಗ ಅದು ನೆಟ್ಟಗೆ ಹೋಗಿ ಕೂರುವುದಿಲ್ಲ. ನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ನಮ್ಮ ಕಣ್ಣಿಗೆ, ಬೆರಳಿಗೆ ಅದು ಗೊತ್ತಾಗುವುದಿಲ್ಲ. ಆದರೆ ಆರ್ಡುಯಿನೊ ಉನೊದಂಥ ಬೋರ್ಡಿನ ಚಿಪ್‌ನ ಗಡಿಯಾರ ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುತ್ತದೆ. 5 ಮಿಲಿಸೆಕೆಂಡೆಂದರೆ ಅದಕ್ಕೆ 80,000 ಮಿಡಿತ. ಪ್ರತಿ ಪುಟಿತವೂ ಅದರ ಲೆಕ್ಕದಲ್ಲಿ ಹೊಸದಾಗಿ ಒತ್ತಿದಂತೆಯೇ. ಮೊದಲ ಸ್ಪರ್ಶದ ನಂತರ 50 ಮಿಲಿಸೆಕೆಂಡು ಬಟನ್ ಕಡೆ ನೋಡಬೇಡ ಎಂದು ಹೇಳಿಕೊಟ್ಟ ಮೇಲೆ ಲೆಕ್ಕ ಸರಿಹೋಯಿತು.

ಚಿತ್ರದ ಮೂಲಕ ಪ್ರೋಗ್ರಾಂ ಬರೆಯುವುದು ಮಕ್ಕಳಾಟ ಎನ್ನುವವರಿದ್ದಾರೆ. ಅದು ನಿಜವಾಗಿ ತೆಗೆದುಹಾಕುವುದು ಒಂದು ಬಗೆಯ ಕಿರಿಕಿರಿಯನ್ನು ಮಾತ್ರ: ಬಿಟ್ಟುಹೋದ ಅರ್ಧವಿರಾಮ, ಮುಚ್ಚದ ಆವರಣ. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರಾಚ್ ಎಂಬ ಬ್ಲಾಕ್ ಭಾಷೆ ಇದನ್ನು ಬ್ಲಾಕ್‌ಗಳ ಆಕಾರದಿಂದಲೇ ಸಾಧಿಸಿತು. ಹೌದು-ಅಲ್ಲ ಎಂಬ ಉತ್ತರ ಕೊಡುವ ಬ್ಲಾಕಿಗೆ ಎರಡೂ ತುದಿ ಚೂಪು, ಸಂಖ್ಯೆ ಕೊಡುವುದಕ್ಕೆ ದುಂಡು. 'ಹೀಗಾದರೆ' ಎಂಬ ಬ್ಲಾಕಿನ ಚೂಪು ಖಾಲಿಜಾಗಕ್ಕೆ ದುಂಡನೆಯದು ಹೊಂದುವುದೇ ಇಲ್ಲ. ವ್ಯಾಕರಣ ತಪ್ಪಲು ಅವಕಾಶವೇ ಇಲ್ಲ.

ಇಷ್ಟು ದೊಡ್ಡ ಚಿತ್ರ ಅಷ್ಟು ಚಿಕ್ಕ ಚಿಪ್‌ನಲ್ಲಿ ಹಿಡಿಸುವುದಾದರೂ ಹೇಗೆ? 2016ರಲ್ಲಿ ಬ್ರಿಟನ್ನಿನ ಸುಮಾರು 10 ಲಕ್ಷ ಮಕ್ಕಳಿಗೆ ಉಚಿತವಾಗಿ ಹಂಚಿದ ಮೈಕ್ರೋಬಿಟ್ ಬೋರ್ಡಿನಲ್ಲಿದ್ದ ರ‍್ಯಾಮ್ ಕೇವಲ 16 ಕಿಲೋಬೈಟ್. ಮೊಬೈಲಿನ ಒಂದು ಫೋಟೊ ಕೂಡ ಅದರಲ್ಲಿ ಕೂರದು. ಚಿತ್ರ ಅಲ್ಲಿಗೆ ಹೋಗುವುದೇ ಇಲ್ಲ ಎಂಬುದೇ ಉತ್ತರ. ಮೈಕ್ರೋಸಾಫ್ಟ್‌ನ ಮೇಕ್‌ಕೋಡ್ ಎಂಬ ತಂತ್ರಾಂಶ ಬ್ಲಾಕ್‌ಗಳನ್ನು ಮೊದಲು ಪಠ್ಯರೂಪದ ಕೋಡ್ ಮಾಡಿ, ಅದನ್ನು ಚಿಪ್‌ಗೆ ಅರ್ಥವಾಗುವ ಆದೇಶಗಳಾಗಿ ಬ್ರೌಸರ್‌ನಲ್ಲೇ ಅರೆಯುತ್ತದೆ. ಬಂದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿದಂತೆ ಬೋರ್ಡಿಗೆ ಹಾಕಿದರಾಯಿತು. ಆಮೇಲೆ ಕೇಬಲ್ ಕಿತ್ತರೂ ಕೆಲಸ ನಡೆಯುತ್ತದೆ. ಇನ್ನು ಕೆಲವು ಸಾಧನಗಳಲ್ಲಿ ಪ್ರೋಗ್ರಾಂ ಓಡುವುದು ಕಂಪ್ಯೂಟರಿನಲ್ಲೇ. ಬೋರ್ಡು ಹೇಳಿದ್ದು ಕೇಳುವ ಕೈಯಾಳು ಮಾತ್ರ. ಅಲ್ಲಿ ಕೇಬಲ್ ಕಿತ್ತರೆ ಆಟ ಮುಗಿಯಿತು.

ಆರ್ಡುಯಿನೊದಂಥ ಬೋರ್ಡಿನಲ್ಲಿ ಬ್ಲಾಕ್‌ಗಳು ತಾವಾಗಿ ಬಿಡಿಸಲಾರದ ಗಂಟು ಒಂದಿದೆ: ಕಾಲ. ದೀಪವನ್ನು ಒಂದು ಸೆಕೆಂಡಿಗೊಮ್ಮೆ ಹೊತ್ತಿಸಿ ಆರಿಸಬೇಕು, ನಡುವೆ ಬಟನ್ ಒತ್ತಿದ್ದನ್ನೂ ಗಮನಿಸಬೇಕು ಎನ್ನಿ. 'ಒಂದು ಸೆಕೆಂಡು ಕಾಯಿ' ಎಂಬ ಬ್ಲಾಕ್ ಹಾಕಿದಿರೋ, ಆ ಹೊತ್ತಿನಲ್ಲಿ ಚಿಪ್ ಕಣ್ಮುಚ್ಚಿ ನಿಂತುಬಿಡುತ್ತದೆ. ಬಟನ್ ಒತ್ತಿದ್ದು ಅದಕ್ಕೆ ಕಾಣುವುದೇ ಇಲ್ಲ. ಅಕ್ಷರದಲ್ಲಿ ಬರೆದರೂ ಇದೇ ಗತಿ, ಏಕೆಂದರೆ ಬ್ಲಾಕ್ ಎಂಬುದು ಬಣ್ಣದ ಅಂಗಿ ತೊಟ್ಟ ಬರಹವೇ.

ನಿಜಕ್ಕೂ ಬೇರೆ ದಾರಿ ಹಿಡಿದ ಚಿತ್ರಭಾಷೆಗಳು ಇದಕ್ಕಿಂತ ಹಳೆಯವು. 1986ರ ಲ್ಯಾಬ್‌ವ್ಯೂನಲ್ಲಿ ಪರದೆಯ ಮೇಲಿನ ಪೆಟ್ಟಿಗೆಗಳನ್ನು ಗೆರೆ ಎಳೆದ ತಂತಿಗಳಿಂದ ಜೋಡಿಸಬೇಕು. ತನಗೆ ಬೇಕಾದ ಮಾಹಿತಿಯೆಲ್ಲ ತಂತಿಯಲ್ಲಿ ಬಂದು ಸೇರಿದೊಡನೆ ಪೆಟ್ಟಿಗೆ ಕೆಲಸಕ್ಕಿಳಿಯುತ್ತದೆ. ತಂತಿಯಿಲ್ಲದ ಎರಡು ಪೆಟ್ಟಿಗೆಗಳ ನಡುವೆ ಹಿಂದೆ ಮುಂದೆ ಎಂಬುದಿಲ್ಲ. 2006ರ ಲೆಗೊ ಮೈಂಡ್‌ಸ್ಟಾರ್ಮ್ಸ್ ಎನ್‌ಎಕ್ಸ್‌ಟಿ ರೋಬಾಟ್‌ನ ಚಿತ್ರಭಾಷೆ ಇದೇ ಲ್ಯಾಬ್‌ವ್ಯೂ ಮೇಲೆ ಕಟ್ಟಿದ್ದು.

ನನಗೆ ಹೆಚ್ಚು ಇಷ್ಟವಾಗುವುದು ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಕಂಪ್ಯೂಟರಿನ ಏಣಿಚಿತ್ರ, ಅಂದರೆ ಲ್ಯಾಡರ್ ಲಾಜಿಕ್. 1960ರ ದಶಕದ ಕೊನೆಯಲ್ಲಿ ಪಿಎಲ್‌ಸಿಗಳು ಬಂದಾಗ ಅವನ್ನು ನೋಡಿಕೊಳ್ಳಬೇಕಿದ್ದವರು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಪ್ಯಾನೆಲ್‌ಗಳ ಎಲೆಕ್ಟ್ರಿಷಿಯನ್‌ಗಳು. ಅವರು ಓದಬಲ್ಲ ವೈರಿಂಗ್ ನಕ್ಷೆಯೇ ಪ್ರೋಗ್ರಾಂ ಭಾಷೆಯಾಯಿತು. ಯಂತ್ರ ಏಣಿಯನ್ನು ಮೇಲಿನಿಂದ ಕೆಳಗೆ ಓದಿ ಮುಗಿಸಿ ಮತ್ತೆ ಮೇಲಿನಿಂದ ಶುರುಮಾಡುತ್ತದೆ, ಬಿಡುವಿಲ್ಲದೆ. 'ಕಾಯಿ' ಎಂಬ ಮಾತೇ ಅಲ್ಲಿಲ್ಲ. ಟೈಮರ್ ತನ್ನ ಪಾಡಿಗೆ ಎಣಿಸುತ್ತಿರುತ್ತದೆ, ಉಳಿದ ಮೆಟ್ಟಿಲುಗಳು ಪ್ರತಿ ಸುತ್ತಿನಲ್ಲೂ ಬಟನ್ ನೋಡುತ್ತಿರುತ್ತವೆ.

ಆ ಉಪಾಯವನ್ನೇ ನನ್ನ ಬ್ಲಾಕ್‌ಗಳಿಗೆ ತಂದೆ. ಕಾಯುವ ಬ್ಲಾಕ್ ಕಿತ್ತೆಸೆದು, ದೀಪ ಕೊನೆಯ ಸಲ ಬದಲಾದ ಸಮಯವನ್ನು ಒಂದು ಚರದಲ್ಲಿ, ಅಂದರೆ ಸಂಖ್ಯೆ ಇಡುವ ಹೆಸರಿಟ್ಟ ಖಾನೆಯಲ್ಲಿ, ಬರೆದಿಟ್ಟುಕೊಂಡು, 1,000 ಮಿಲಿಸೆಕೆಂಡು ಕಳೆದಿದೆಯೇ ಎಂದು ಪ್ರತಿ ಸುತ್ತಿನಲ್ಲಿ ಕೇಳಿದೆ. ದೀಪವೂ ಮಿನುಗಿತು, ಬಟನ್ನೂ ಕೇಳಿಸಿಕೊಂಡಿತು. 33 ಸೆಕೆಂಡಿನ ಹೊತ್ತಿಗೆ ದೀಪ ಮಿನುಗುವುದನ್ನು ಬಿಟ್ಟು ಮಂಕಾಗಿ ಒಂದೇ ಸಮನೆ ಉರಿಯತೊಡಗಿತು. ಬ್ಲಾಕ್‌ಗಳ ಹಿಂದಿನ ಕೋಡ್ ತೆರೆದೆ. ಆ ಚರ ಋಣಸಂಖ್ಯೆಗೂ ಜಾಗವಿಟ್ಟ 16 ಬಿಟ್‌ನದು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಅದನ್ನು ದಾಟಿದೊಡನೆ ಸಮಯ ಋಣಸಂಖ್ಯೆಯಾಗಿ, 'ಸೆಕೆಂಡು ಕಳೆದಿದೆಯೇ' ಎಂಬ ಪ್ರಶ್ನೆಗೆ ಸದಾ ಹೌದೆಂಬ ಉತ್ತರ ಬಂದು, ದೀಪ ಕಣ್ಣಿಗೆ ಕಾಣದ ವೇಗದಲ್ಲಿ ಹೊತ್ತಿ ಆರುತ್ತಿತ್ತು. ಪರದೆಯ ಮೇಲಿನ ಬ್ಲಾಕ್ ಮಾತ್ರ ಏನೂ ಆಗದಂತೆ 'ಕೊನೆಯ ಸಮಯ' ಎಂದಷ್ಟೇ ತೋರಿಸುತ್ತಿತ್ತು. ಚರವನ್ನು ಋಣಚಿಹ್ನೆಯಿಲ್ಲದ 32 ಬಿಟ್‌ಗೆ ಬದಲಿಸಿದೆ. ಈಗ ಅದು ತುಂಬಿ ಸೊನ್ನೆಗೆ ಮರಳಲು 49 ದಿನಕ್ಕೂ ಹೆಚ್ಚು ಬೇಕು.