ಒಳಗೆ ಹೋಗಿ ಒಂದು ಚಪ್ಪಾಳೆ ಹೊಡೆಯಿರಿ

ಓಣಂ ರಜೆ ಮುಗಿದ ಮೊದಲ ಸೋಮವಾರ ನನ್ನ ಕ್ಲಿನಿಕ್ಕಿನಲ್ಲಿ ಪ್ರತಿ ವರ್ಷ ಒಂದೇ ಕಥೆ. ಊರು ಬೇರೆ, ಮಗು ಬೇರೆ, ಕಥೆ ಮಾತ್ರ ಅದೇ. ನೀರಾಟದ ಥೀಮ್ ಪಾರ್ಕಿಗೆ ಹೋಗಿದ್ದರು. ಆಟ ಎಲ್ಲ ಚೆನ್ನಾಗಿಯೇ ಆಯಿತು. ಊಟಕ್ಕೆ ಕೂತಾಗ ಕೆಟ್ಟಿತು.

"ನೀವು ಹೇಳಿದ ಹಾಗೇ ರಶ್ ಇಲ್ಲದಲ್ಲಿಗೇ ಹೋದೆವು ಟೀಚರ್. ಎ.ಸಿ. ರೂಮು. ನಮ್ಮನ್ನು ಬಿಟ್ಟರೆ ಇನ್ನೊಂದು ಫ್ಯಾಮಿಲಿ, ಅಷ್ಟೇ. ಆದ್ರೂ ಎಂತಕ್ಕೆ ಹೀಗೆ ಮಾಡಿದ?"

ಹೀಗೆ ಕೇಳಿದವರು ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬ ತಂದೆ. ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಕಡಿಮೆ. ಎ.ಸಿ. ರೂಮಿಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಹುಡುಗ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋದ. ಎಳೆದಾಗ ಅಪ್ಪನ ಕೈ ಕಚ್ಚಿದ. ಗುರುತು ತೋರಿಸಿದರು. ಕಚ್ಚಿದ್ದಕ್ಕಿಂತ ಜಾಸ್ತಿ ನೋವಾದದ್ದು ಪಕ್ಕದ ಮೇಜಿನವರು ಮೊಬೈಲ್ ಎತ್ತಿ ವಿಡಿಯೋ ಮಾಡಿದ್ದಕ್ಕೆ.

ತಪ್ಪು ನನ್ನದೂ ಇದೆ. "ರಶ್ ಇಲ್ಲದ ಕಡೆ ಹೋಗಿ" ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವಳು ನಾನೇ. ಅದರ ಅರ್ಥ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಇವತ್ತು ಸ್ವಲ್ಪ ಉದ್ದ ಮಾಡಿ ಹೇಳುತ್ತೇನೆ. ನಾನು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಉಣ್ಣುವುದು, ಉಡುವುದು, ಆಡುವಂಥ ದಿನನಿತ್ಯದ ಕೆಲಸಗಳನ್ನು ಇಂಥ ಮಕ್ಕಳಿಗೆ ರೂಢಿ ಮಾಡಿಸುವವಳು. ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅರ್ಧ ಊರಿಗೆ ನಾನು ಡಾಕ್ಟ್ರು, ಉಳಿದರ್ಧಕ್ಕೆ ಟೀಚರ್. ಇಲ್ಲಿ ಬರುವ ಮಕ್ಕಳ ವಿವರಗಳನ್ನು ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ.

ಆ ರೂಮು ಹೇಗಿತ್ತು ಎಂದು ಕೇಳಿದೆ. ಅವರು ನೆನಪು ಮಾಡಿಕೊಂಡು ಒಂದೊಂದಾಗಿ ಹೇಳಿದರು. ಗ್ರಾನೈಟ್ ನೆಲ. ಎರಡು ಕಡೆ ಗಾಜು. ಗೋಡೆಯಲ್ಲಿ ಟಿವಿ. ಮೂಲೆಯಲ್ಲಿ ಜ್ಯೂಸ್ ಕೌಂಟರ್, ಅಲ್ಲೊಂದು ಮಿಕ್ಸಿ. ಕೈ ತೊಳೆಯುವಲ್ಲಿ ಬಿಸಿಗಾಳಿಯ ಮೆಷಿನ್. "ಆದ್ರೆ ಜನ ಇರ್ಲಿಲ್ಲ ಟೀಚರ್" ಎಂದು ಕೊನೆಗೆ ಮತ್ತೆ ಸೇರಿಸಿದರು.

ಜನ ಇಲ್ಲದ್ದರಿಂದಲೇ ಆ ರೂಮು ಇನ್ನಷ್ಟು ಕೆಟ್ಟದಾಗಿತ್ತು!

ಹೊಸ ಮನೆ ಕಟ್ಟಿದವರಿಗೆ ಇದು ಗೊತ್ತು. ಮನೆ ಒಕ್ಕಲಿಗೆ ಮೊದಲು ಖಾಲಿ ಹಾಲಿನಲ್ಲಿ ನಿಂತು ಮಾತಾಡಿ ನೋಡಿ. ಮಾತು ಗುಂಯ್ ಎಂದು ತಿರುಗಿ ಬರುತ್ತದೆ. ಆಮೇಲೆ ಹಾಸಿಗೆ, ಪರದೆ, ಸೋಫಾ ಬರುತ್ತವೆ, ನೆಂಟರು ಬರುತ್ತಾರೆ. ಗುಂಯ್ ಅನ್ನುವುದು ಹೋಗುತ್ತದೆ. ಬಟ್ಟೆಯೂ ಮನುಷ್ಯನ ಮೈಯೂ ಸದ್ದನ್ನು ಹೀರಿಕೊಳ್ಳುತ್ತವೆ. ಗ್ರಾನೈಟು, ಗಾಜು, ಸ್ಟೀಲು ಹೀರುವುದಿಲ್ಲ, ವಾಪಸು ಎಸೆಯುತ್ತವೆ. ಆ ಖಾಲಿ ರೂಮಿನಲ್ಲಿ ಬಿದ್ದ ಒಂದು ಚಮಚದ ಸದ್ದು ಐದಾರು ಸಲ ಗೋಡೆಗೆ ಬಡಿದು ಹುಡುಗನ ಕಿವಿಗೆ ಬಂದಿರುತ್ತದೆ. ನಮ್ಮ ತಲೆ ಆ ಪ್ರತಿಧ್ವನಿಯನ್ನು ತಾನಾಗಿ ಬದಿಗೆ ತಳ್ಳುತ್ತದೆ. ಆಟಿಸಂ ಇರುವ ಬಹಳ ಮಕ್ಕಳಲ್ಲಿ ಈ ತಳ್ಳುವ ಕೆಲಸ ಸರಿಯಾಗಿ ಆಗುವುದಿಲ್ಲ. ಅಮ್ಮನ ಮಾತು, ಟಿವಿ, ಮಿಕ್ಸಿ, ಚಮಚ, ಎ.ಸಿ.ಯ ಗುಂಯ್, ಎಲ್ಲವೂ ಒಂದೇ ಎತ್ತರದಲ್ಲಿ ಕಿವಿಗೆ ನುಗ್ಗುತ್ತವೆ.

ಬಯಲಲ್ಲಿ ಹಾಗಲ್ಲ. ಸದ್ದಿನಿಂದ ಇರುವ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ (ಸದ್ದು ಅಳೆಯುವ ಮಾನ) ಇಳಿಯುತ್ತದೆ. ಗಾಜಿನ ರೂಮಿನಲ್ಲಿ ಸ್ವಲ್ಪ ದೂರದ ನಂತರ ಆ ಇಳಿತ ನಿಂತುಹೋಗುತ್ತದೆ. ಯಾವ ಮೂಲೆಯಲ್ಲಿ ಕೂತರೂ ಗಲಾಟೆ ಹೆಚ್ಚುಕಮ್ಮಿ ಅಷ್ಟೇ. ಇನ್ನೊಂದು ವಿಷಯ. ಗಲಾಟೆ ಇದ್ದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ ಇದನ್ನು 1911ರಲ್ಲೇ ಬರೆದಿಟ್ಟಿದ್ದಾನೆ. ಒಂದು ಮೇಜಿನವರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ನಮ್ಮ ಮದುವೆ ಹಾಲ್‌ಗಳಲ್ಲಿ ಎರಡನೇ ಪಂಕ್ತಿಯ ಹೊತ್ತಿಗೆ ಎಲ್ಲರೂ ಕಿರುಚುತ್ತಿರುವುದು ಇದೇ ಕಾರಣಕ್ಕೆ.

ಇಷ್ಟು ಹೇಳಿದ ಮೇಲೆ ತಂದೆ ಒಂದು ಒಳ್ಳೆಯ ಪ್ರಶ್ನೆ ಹಾಕಿದರು. "ಮತ್ತೆ ಆಟಕ್ಕೆ ಕರ್ಕೊಂಡು ಹೋದ್ರೆ ಬೆಳಗಾಗುವವರೆಗೆ ಚೆಂಡೆಯ ಎದುರೇ ಕೂರ್ತಾನಲ್ಲ? ಆಗ ಕಿವಿ ನೋಯುದಿಲ್ವಾ?"

ನಮ್ಮ ಕಡೆ ಆಟ ಅಂದರೆ ಯಕ್ಷಗಾನ, ಬೇರೆ ಊರಿನವರಿಗಾಗಿ ಹೇಳಿದೆ. ಕುಂಬಳೆ ಸೀಮೆಯಲ್ಲಿ ಹುಟ್ಟಿದ ಮಕ್ಕಳು ಆಟಿಸಂ ಇದ್ದರೂ ಚೆಂಡೆಯ ಮಕ್ಕಳೇ. ಆದರೆ ನೋಡಿ, ಆಟ ಗದ್ದೆಯಲ್ಲಿ ನಡೆಯುತ್ತದೆ. ಸದ್ದು ಹೋಗಿ ಗುಡ್ಡ ಸೇರುತ್ತದೆ, ತಿರುಗಿ ಬರುವುದಿಲ್ಲ. ಚೆಂಡೆಗೆ ತಾಳ ಇದೆ. ಭಾಗವತರು ಪದ ಎತ್ತಿದರೆ ಯಾವಾಗ ಪೆಟ್ಟು ಬೀಳುತ್ತದೆ ಎಂದು ಆ ಹುಡುಗನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಬೇಡವಾದರೆ ಎದ್ದು ಚರುಂಬುರಿ ಅಂಗಡಿ ಕಡೆ ಹೋಗಬಹುದು. ಮಿಕ್ಸಿ ಯಾವಾಗ ಶುರುವಾಗುತ್ತದೆ ಎಂದು ಯಾರಿಗೆ ಗೊತ್ತು? ಸದ್ದು ಎಷ್ಟು ದೊಡ್ಡದು ಎನ್ನುವುದು ಅರ್ಧ ಲೆಕ್ಕ ಮಾತ್ರ. ಹೇಳದೆ ಕೇಳದೆ ಬರುತ್ತದಾ, ತಪ್ಪಿಸಿಕೊಳ್ಳಲು ದಾರಿ ಇದೆಯಾ ಎನ್ನುವುದು ಉಳಿದರ್ಧ.

ಹಾಗಾಗಿ ಪಾರ್ಕಿನಲ್ಲಿ ಊಟದ ಜಾಗ ಆರಿಸುವಾಗ ತಲೆ ಎಣಿಸಬೇಡಿ. ಒಬ್ಬರು ಮಗುವಿನ ಜೊತೆ ಹೊರಗೆ ನಿಲ್ಲಿ. ಇನ್ನೊಬ್ಬರು ಒಳಗೆ ಹೋಗಿ ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ನಾಚಿಕೆ ಬೇಡ, ಪಾರ್ಕಿನಲ್ಲಿ ಯಾರೂ ನೋಡುವುದಿಲ್ಲ. ಚಪ್ಪಾಳೆ ಚಪ್ ಎಂದು ಅಲ್ಲೇ ಸತ್ತರೆ ಒಳ್ಳೆಯ ಜಾಗ. ಝಣ್ ಎಂದು ಬಾಲ ಎಳೆದರೆ ಜಾಗ ಖಾಲಿ ಇದ್ದರೂ ಬೇಡ. ಮೂರು ಬದಿ ತೆರೆದಿರುವ ಚಪ್ಪರದಂಥ ಕಡೆ ಮೂವತ್ತು ಜನ ಇದ್ದರೂ ಪರವಾಗಿಲ್ಲ ಅನ್ನುತ್ತೇನೆ. ಆದರೆ ಅದಕ್ಕೆ ತಗಡಿನ ಮಾಡು ಇದ್ದು ಮಳೆ ಬಂದರೆ ನಾನು ಜವಾಬ್ದಾರಳಲ್ಲ.

ಎ.ಸಿ. ಬಗ್ಗೆ ಮತ್ತೊಮ್ಮೆ. ನಮ್ಮ ಜನರಿಗೆ ಎ.ಸಿ. ಅಂದರೆ ಮಗುವಿಗೆ ಮಾಡಿದ ಉಪಕಾರ. ದುಡ್ಡು ಜಾಸ್ತಿ ಕೊಟ್ಟಿದ್ದೇವೆ, ಹಾಗಾಗಿ ಒಳ್ಳೆಯದೇ ಇರಬೇಕು. ಮುಚ್ಚಿದ ಬಾಗಿಲ ಹಿಂದೆ ಸದ್ದಿನ ಜೊತೆ ವಾಸನೆಯೂ ನಿಲ್ಲುತ್ತದೆ. ಮೀನು ಹುರಿದ ಎಣ್ಣೆ, ನೆಲ ಒರೆಸಿದ ಫಿನಾಯಿಲ್, ರೂಮ್ ಫ್ರೆಶ್ನರ್, ಮೂರೂ ಸೇರಿ. ಒದ್ದೆ ಚಡ್ಡಿಯಲ್ಲಿ ನೀರಿನಿಂದ ಎದ್ದು ಬಂದ ಮಗುವಿನ ಮೈಗೆ ಆ ತಣ್ಣನೆ ಗಾಳಿ ಬೇರೆ. ಬಟ್ಟೆ ಬದಲಾಯಿಸಿ ಆಮೇಲೆ ಊಟಕ್ಕೆ ಕೂರಿಸಿ ಎಂದು ಹೇಳಿದರೆ, "ಮತ್ತೆ ನೀರಿಗೆ ಹೋಗಲಿಕ್ಕುಂಟಲ್ಲ" ಎನ್ನುತ್ತಾರೆ. ಇರಲಿ, ಎರಡು ಸಲ ಬದಲಾಯಿಸಿ!

ಕೆಲವು ಮಕ್ಕಳಿಗೆ ಇದೆಲ್ಲ ಉಲ್ಟಾ ಇರುತ್ತದೆ. ಅವರಿಗೆ ಸದ್ದು ಬೇಕು, ಗಾಜಿಗೆ ಬಡಿಯಬೇಕು. ಅಂಥ ಮಗುವಿನ ತಂದೆತಾಯಿ ಇದನ್ನು ಓದಿ ಚಪ್ಪಾಳೆ ಹೊಡೆಯಬೇಕಾಗಿಲ್ಲ. ನಿಮ್ಮ ಮಗುವನ್ನು ನೋಡುವ ಥೆರಪಿಸ್ಟ್ ಹತ್ತಿರ ಒಂದು ಮಾತು ಕೇಳಿ.

ಇನ್ನು ಸಮಯ. ಒಂದೂವರೆಗೆ ಊಟ ಹುಡುಕುವವರಿಗೆ ನಾನು ಏನೂ ಸಹಾಯ ಮಾಡಲಾರೆ. ಆಗ ನೀರಿನಿಂದ ಎದ್ದ ಇಡೀ ಪಾರ್ಕು ಕೌಂಟರಿನಲ್ಲಿ ಇರುತ್ತದೆ. ಹನ್ನೊಂದೂಕಾಲಕ್ಕೆ ಉಣ್ಣಿಸಿ, ಮೂರು ಗಂಟೆಗೆ ಏನಾದರೂ ತಿನ್ನಿಸಿ. "ಅವನಿಗೆ ಆಗ ಹಸಿವಾಗುದಿಲ್ಲ" ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಕಾಸರಗೋಡು ಬಿಟ್ಟು, ದಾರಿಯಲ್ಲಿ ಏಳೂವರೆಗೆ ಎರಡು ಇಡ್ಲಿ ತಿಂದ ಮಗುವಿಗೆ ಹಸಿವು ಆಗಿಯೇ ಇರುತ್ತದೆ. ಹೊಟ್ಟೆಯಿಂದ ತಲೆಗೆ ಹೋಗುವ ಸುದ್ದಿ ಈ ಮಕ್ಕಳಲ್ಲಿ ಎಷ್ಟೋ ಸಲ ತಡವಾಗಿ ಮುಟ್ಟುತ್ತದೆ. ಮುಟ್ಟುವ ಹೊತ್ತಿಗೆ ಅದು ಹಸಿವಾಗಿ ಉಳಿದಿರುವುದಿಲ್ಲ, ಸಿಟ್ಟಾಗಿರುತ್ತದೆ. ಗಡಿಯಾರ ನೋಡಿ ಉಣ್ಣಿಸಿ.

ದಿನ ಆರಿಸುವುದರಲ್ಲಿ ಗಡಿನಾಡಿನವರಿಗೆ ಒಂದು ಲಾಭ ಇದೆ. ನಮ್ಮ ಕೈಯಲ್ಲಿ ಎರಡು ರಾಜ್ಯದ ರಜೆಯ ಕ್ಯಾಲೆಂಡರ್. ಓಣಂಗೆ ಕಣ್ಣೂರು ಕಡೆಯ ಪರಶ್ಶಿನಿಕಡವಿನ ವಿಸ್ಮಯ ಪಾರ್ಕಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ಮಂಗಳೂರು ಕಡೆ ಶಾಲೆ ನಡೆಯುತ್ತಿರುತ್ತದೆ. ದಸರೆಗೆ ಇದು ತಿರುಗಾಮುರುಗಾ. ಮೈಸೂರು ಮಾತ್ರ ಓಣಂಗೂ ಬೇಡ, ಅರ್ಧ ಕೇರಳ ಅಲ್ಲೇ ಇರುತ್ತದೆ. ಮತ್ತೆ ಪರಶ್ಶಿನಿಕಡವಿಗೆ ಹೋದವರು ಒಂದೇ ದಿನ ಮುತ್ತಪ್ಪನ ದರ್ಶನ, ಹಾವಿನ ಪಾರ್ಕು, ವಿಸ್ಮಯ ಮೂರನ್ನೂ ಮುಗಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮುತ್ತಪ್ಪ ಯಾರ ಮೇಲೂ ಬೇಸರ ಮಾಡುವ ದೇವರಲ್ಲ. ಇನ್ನೊಂದು ದಿನ ಹೋದರೂ ಪ್ರಸಾದದ ಚಹಾ, ಪಯರ್ (ಬೇಯಿಸಿದ ಕಾಳು) ಸಿಗುತ್ತದೆ.

ದುಬೈ, ಅಬುಧಾಬಿಯಲ್ಲಿ ಇರುವವರ ಫೋನೂ ಬರುತ್ತದೆ. ಕಾಸರಗೋಡಿನಲ್ಲಿ ಗಲ್ಫ್ ಇಲ್ಲದ ಮನೆ ಯಾವುದು? "ಇಲ್ಲಿಯ ಪಾರ್ಕಿಗೆ ಆಟಿಸಂ ಸರ್ಟಿಫಿಕೇಟ್ ಉಂಟು, ಇನ್ನು ಹೆದರಿಕೆ ಇಲ್ಲ ಅಲ್ವಾ?" ಎಂದು. ಇಂಥ ಸರ್ಟಿಫಿಕೇಟ್ ಮೊದಲು ಪಡೆದ ಥೀಮ್ ಪಾರ್ಕು ಅಮೆರಿಕದ ಸೆಸಮಿ ಪ್ಲೇಸ್, 2018ರಲ್ಲಿ. ಒಳ್ಳೆಯ ಕೆಲಸವೇ. ಸಿಬ್ಬಂದಿಗೆ ತರಬೇತಿ ಆಗಿರುತ್ತದೆ, ಮಗು ನೆಲದಲ್ಲಿ ಬಿದ್ದರೆ ಕಣ್ಣು ಬಿಟ್ಟು ನೋಡುವುದಿಲ್ಲ. ಆದರೆ ಸರ್ಟಿಫಿಕೇಟ್ ಗೋಡೆಯಲ್ಲಿ ತೂಗಿಸಿದ ಮಾತ್ರಕ್ಕೆ ಗೋಡೆ ಸದ್ದು ಹೀರುವುದಿಲ್ಲವಲ್ಲ.

ನೀರ್ಚಾಲಿನ ಒಂದು ಕುಟುಂಬ ಫ್ಲೋರಿಡಾದಲ್ಲಿರುವ ಮಗಳ ಮನೆಗೆ ಹೋಗಿತ್ತು. ಅಲ್ಲಿಂದ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪ್ರವಾಸ. ಆಟಿಸಂ ಇರುವವರಿಗೆ ಅಲ್ಲಿ ಸಾಲಿನಲ್ಲಿ ನಿಲ್ಲದೆ ಕಾಯುವ ಒಂದು ವ್ಯವಸ್ಥೆ ಇದೆ, ಡಿಎಎಸ್ ಅನ್ನುತ್ತಾರೆ. ಅದು ರೈಡುಗಳಿಗೆ ಮಾತ್ರ, ಊಟದ ಸಾಲಿಗಲ್ಲ. ಇವರು ಎರಡಕ್ಕೂ ಇದೆ ಎಂದು ತಿಳಿದುಕೊಂಡಿದ್ದರು. ನಾನು ಹೇಳಿದ್ದು ಎರಡೇ ಮಾತು. ಮೊಬೈಲ್ ಆ್ಯಪಿನಲ್ಲಿ ಮೊದಲೇ ಊಟ ಆರ್ಡರ್ ಮಾಡಿ, ಕೌಂಟರಿನ ಸಾಲು ತಪ್ಪುತ್ತದೆ. ಮತ್ತೆ ಕೊಲಂಬಿಯಾ ಹಾರ್ಬರ್ ಹೌಸ್ ಎಂಬ ಅಲ್ಲಿಯ ಹೋಟೆಲಿನಲ್ಲಿ ತಟ್ಟೆ ಹಿಡಿದುಕೊಂಡು ಮಹಡಿ ಹತ್ತಿ. ಕೆಳಗೆ ಗೌಜಿ, ಮೇಲೆ ಸಣ್ಣ ಸಣ್ಣ ಕೋಣೆಗಳು, ಅಷ್ಟು ಜನ ಹತ್ತುವುದಿಲ್ಲ. ನಾನು ಫ್ಲೋರಿಡಾ ನೋಡಿದವಳಲ್ಲ. ಇಂಥ ಮಕ್ಕಳ ಅಮ್ಮಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಗುಟ್ಟು ಇದು. ಅಜ್ಜಿ ಮಾತ್ರ ವಾಪಸು ಬಂದು, "ಮಾಳಿಗೆ ಹತ್ತಿಸಿ ಮೊಣಕಾಲು ಹಾಳು ಮಾಡಿದಿರಿ" ಎಂದು ನನ್ನನ್ನೇ ಬೈದರು.

ನಮ್ಮ ಪಾರ್ಕುಗಳಿಗೂ ಇದೇ ಉಪಾಯ. ಮಹಡಿ ಇದ್ದರೆ ಹತ್ತಿ. ಗೇಟಿನಿಂದ ದೂರದ ಹೋಟೆಲಿಗೆ ನಡೆಯಿರಿ. ಗೋಡೆಗೆ ಬೆನ್ನು ಮಾಡಿ ಕೂರಿಸಿ, ಕೈ ತೊಳೆಯುವ ಜಾಗದ ಹತ್ತಿರ ಬೇಡ. ಒಬ್ಬರು ಊಟ ತರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಹೊರಗೆ ಸುತ್ತಾಡುತ್ತಿರಿ. ತಟ್ಟೆ ಮೇಜಿಗೆ ಬಂದ ಮೇಲೆ ಮಗು ಬರಲಿ. ಮಗು ಬೆಳ್ತಿಗೆ ಅನ್ನ, ಮೊಸರು ಬಿಟ್ಟು ಬೇರೆ ಮುಟ್ಟದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಹೊರಗಿನ ಊಟ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಕಾರಣ ಹೇಳಿದರೆ ಕೆಲವು ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ಹೊರಗೆ ಹೋಗಿ ವಾಪಸು ಬರಬಹುದಾ ಎಂದು ಕೇಳಿ, ಕಾರಿನಲ್ಲೇ ಉಣ್ಣಿಸಿ. ಅದರಷ್ಟು ಸದ್ದಿಲ್ಲದ ಹೋಟೆಲು ಬೇರೆ ಇಲ್ಲ. ನೆರಳಲ್ಲಿ ನಿಲ್ಲಿಸಿ, ಮತ್ತೆ ಮಗುವನ್ನು ಒಂದು ನಿಮಿಷಕ್ಕೂ ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ.

ಯುಡಿಐಡಿ ಕಾರ್ಡು, ಅಂದರೆ ಅಂಗವೈಕಲ್ಯ ಇರುವವರಿಗೆ ಸರಕಾರ ಕೊಡುವ ಗುರುತಿನ ಚೀಟಿ, ಬೀರುವಿನಲ್ಲಿ ಇಟ್ಟು ಬರುವವರಿದ್ದಾರೆ. ತೋರಿಸಲು ಸಂಕೋಚ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಹೆಸರು ಹಾಕಿಯೇ ಇದೆ, ಸಂಕೋಚ ಯಾಕೆ? ಮ್ಯಾನೇಜರಿಗೆ ತೋರಿಸಿ, ಮೂಲೆಯ ಮೇಜು ಕೇಳಿ. ಕನ್ನಡ, ಮಲಯಾಳದ ಜೊತೆ ಹಿಂದಿಯಲ್ಲೂ ಎರಡು ವಾಕ್ಯ ಬರೆದಿಟ್ಟುಕೊಳ್ಳಿ. ಈಗ ತಟ್ಟೆ ತರುವ ಹುಡುಗರು ಅಸ್ಸಾಂ, ಒಡಿಶಾದವರು. ನನ್ನ ಅನುಭವದಲ್ಲಿ ಮ್ಯಾನೇಜರಿಗಿಂತ ಮೊದಲು ಅರ್ಥ ಮಾಡಿಕೊಳ್ಳುವವರು ಅವರೇ.

ಮತ್ತೆ ಜೊತೆಯಲ್ಲಿ ಬರುವ ದೊಡ್ಡಪ್ಪ, ಮಾವಂದಿರಿಗೆ. "ಎರಡು ಕೊಟ್ರೆ ಹಠ ಬಿಡ್ತಾನೆ" ಅನ್ನಬೇಡಿ. ಹಠ ಮಾಡುವ ಮಗು ನಡುವೆ ನಿಮ್ಮ ಮುಖ ನೋಡುತ್ತದೆ. ಸದ್ದಿಗೆ ಕಿವಿ ಮುಚ್ಚಿಕೊಂಡ ಈ ಮಗು ನೋಡುವುದಿಲ್ಲ. 2013ರ ಡಿಎಸ್‌ಎಂ-5, ಅಂದರೆ ನಾವೆಲ್ಲ ಹಿಡಿದುಕೊಳ್ಳುವ ರೋಗನಿರ್ಣಯದ ಕೈಪಿಡಿ, ಸದ್ದು, ವಾಸನೆ, ಸ್ಪರ್ಶಕ್ಕೆ ಹೀಗೆ ವಿಪರೀತ ಪ್ರತಿಕ್ರಿಯೆ ಬರುವುದನ್ನು ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ. ಆ ಹೊತ್ತಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ, ಪಕ್ಕದ ಮೇಜಿನ ಮೊಬೈಲಿಗೆ ಅಡ್ಡ ನಿಲ್ಲುವುದು.

ಬದಿಯಡ್ಕದ ತಂದೆ ಮೊನ್ನೆ ಮತ್ತೆ ಹೋಗಿಬಂದರು. ಬುಧವಾರ, ಶಾಲೆಗೆ ರಜೆ ಹಾಕಿಸಿ. ಮೂರು ಹೋಟೆಲಿನಲ್ಲಿ ಚಪ್ಪಾಳೆ ಹೊಡೆದರಂತೆ, ಯಾವುದೂ ಪಾಸಾಗಲಿಲ್ಲ. ಕೊನೆಗೆ ಹುಡುಗನೇ ಅಪ್ಪನ ಕೈ ಎಳೆದುಕೊಂಡು ಹೋಗಿ ಒಂದು ಕಟ್ಟೆಯ ಮೇಲೆ ಕೂತ. ಜನರೇಟರ್ ಶೆಡ್ಡಿನ ಹಿಂಬದಿ. ಅಲ್ಲೇ ಎರಡು ಪೊರೊಟ್ಟ, ಒಂದು ಲೋಟ ಮಜ್ಜಿಗೆ ಖಾಲಿ ಮಾಡಿದ. "ಅಷ್ಟು ಸದ್ದಿನಲ್ಲಿ ಕೂರಿಸಿದೆ, ನೀವು ಬೈತೀರಿ ಅಂತ ಗೊತ್ತುಂಟು" ಎಂದರು. ಬೈಯಲಿಲ್ಲ. ಜನರೇಟರ್ ಒಂದೇ ರಾಗದಲ್ಲಿ ಹಾಡುತ್ತದೆ, ಉಳಿದ ಗಲಾಟೆಯನ್ನೆಲ್ಲ ಮುಚ್ಚಿಬಿಡುತ್ತದೆ. ಅದನ್ನು ಕಂಡುಹಿಡಿದದ್ದು ಹುಡುಗ. ಹೊಗೆ ಬಾರದ ಬದಿಯಲ್ಲಿ ಕೂರಿಸಿ ಎಂದಷ್ಟೇ ಹೇಳಿದೆ.

ಅವನ ಅಮ್ಮ ಆಚೆಯಿಂದ ಫೋನು ಕಿತ್ತುಕೊಂಡು, "ಹಾಗಾದ್ರೆ ಮನೆಗೂ ಒಂದು ಜನರೇಟರ್ ತರಬೇಕಾ ಟೀಚರ್?" ಎಂದರು. ಹಳೆಯ ಟೇಬಲ್ ಫ್ಯಾನ್ ಇದ್ದರೆ ಸಾಕು ಎಂದೆ.