ಜೀವಮಾನ ಸಾಧನೆ ಪ್ರಶಸ್ತಿ: ಹೂಡಿಕೆದಾರರನ್ನು ಅಳೆಯುವುದು ಹೇಗೆ?

ಜೀವಮಾನ ಸಾಧನೆ ಪ್ರಶಸ್ತಿಗೆ ಉದ್ಯಮಿಯೊಬ್ಬರ ಹೆಸರು ಬಂದರೆ ಆಯ್ಕೆ ಸಮಿತಿಗೆ ಅಷ್ಟು ಕಷ್ಟವಿಲ್ಲ. ಅವರು ಕಟ್ಟಿದ ಕಂಪನಿ ಎದುರಿಗೇ ಇರುತ್ತದೆ. ಏನು ತಯಾರಿಸುತ್ತದೆ, ಎಷ್ಟು ಜನಕ್ಕೆ ಕೆಲಸ ಕೊಟ್ಟಿದೆ, ಅವರು ಕುರ್ಚಿ ಬಿಟ್ಟ ಮೇಲೂ ಚೆನ್ನಾಗಿ ನಡೆಯುತ್ತಿದೆಯಾ ಅಂತ ನೋಡಬಹುದು. ತಲೆಬಿಸಿ ಶುರುವಾಗುವುದು ವೆಂಚರ್ ಹೂಡಿಕೆದಾರರ, ಅಂದರೆ ಹೊಸ ಕಂಪನಿಗಳಲ್ಲಿ ದುಡ್ಡು ಹಾಕಿ ಪಾಲು ಪಡೆಯುವವರ, ಹೆಸರು ಬಂದಾಗ. ಅರ್ಜಿಯ ಬಹುಪಾಲು ಒಂದೇ ಕಂಪನಿಯ ಕಥೆ. ಯಾರೂ ನಂಬದಿದ್ದಾಗ ಇವರು ದುಡ್ಡು ಹಾಕಿದರು, ನೂರು ಪಟ್ಟು ವಾಪಸ್ ಬಂತು. ಅಷ್ಟೇ.

ಆ ಒಂದು ಗೆಲುವಿಗೆ ಜೀವಮಾನದ ಗೌರವ ಸಲ್ಲಬೇಕಾ? ಅದೊಂದಕ್ಕೇ ಆದರೆ ಬೇಡ ಅನ್ನುವವರ ಪೈಕಿ ನಾನು.

ಈ ವೃತ್ತಿಯ ಹಿರಿಯರಲ್ಲೇ ಒಬ್ಬರನ್ನು ನೋಡೋಣ. ಜಾರ್ಜ್ ಡೋರಿಯೊ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೇಷ್ಟ್ರು. 1946ರಲ್ಲಿ ಶುರುವಾದ ಅಮೆರಿಕನ್ ರಿಸರ್ಚ್ ಆ್ಯಂಡ್ ಡೆವಲಪ್‌ಮೆಂಟ್ ಕಾರ್ಪೊರೇಶನ್ನನ್ನು, ಅಂದರೆ ಎಆರ್‌ಡಿಯನ್ನು, ನಡೆಸಿದವರು. 1957ರಲ್ಲಿ ಇದು ಡಿಜಿಟಲ್ ಇಕ್ವಿಪ್‌ಮೆಂಟ್ ಅನ್ನುವ ಹೊಸ ಕಂಪ್ಯೂಟರ್ ಕಂಪನಿಗೆ 70,000 ಡಾಲರ್ ಹಾಕಿ 70% ಪಾಲು ಪಡೆಯಿತು. ಹದಿನೈದು ವರ್ಷದೊಳಗೆ ಆ ಪಾಲಿನ ಬೆಲೆ 35 ಕೋಟಿ ಡಾಲರ್ ದಾಟಿತು. ಎಲ್ಲರೂ ಹೇಳುವುದು ಇದೇ ಕಥೆ. ಆದರೆ ಈ ಒಂದು ಕಂಪನಿಯನ್ನು ಪಕ್ಕಕ್ಕಿಟ್ಟರೆ ಎಆರ್‌ಡಿಯ ವಾರ್ಷಿಕ ಗಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾದರೆ ಡೋರಿಯೊ ಬರೀ ಅದೃಷ್ಟವಂತರಾ?

ಅಲ್ಲ. ಅಲ್ಲಿಯವರೆಗೆ ಹೊಸ ಉದ್ಯಮಕ್ಕೆ ದುಡ್ಡು ಬೇಕಾದರೆ ಶ್ರೀಮಂತ ಮನೆತನಗಳ ಬಾಗಿಲು ತಟ್ಟಬೇಕಿತ್ತು. ಎಆರ್‌ಡಿ ವಿಮಾ ಕಂಪನಿ, ವಿಶ್ವವಿದ್ಯಾಲಯ ಮತ್ತು ಸಾಮಾನ್ಯ ಷೇರುದಾರರ ಹಣವನ್ನು ಈ ಕೆಲಸಕ್ಕೆ ತಂದಿತು. ಅಲ್ಲಿ ಕೆಲಸ ಕಲಿತ ಬಿಲ್ ಎಲ್ಫರ್ಸ್ 1965ರಲ್ಲಿ ಗ್ರೇಲಾಕ್ ಅನ್ನುವ ವೆಂಚರ್ ಹೂಡಿಕೆ ಸಂಸ್ಥೆ ಶುರು ಮಾಡಿದರು. ಡಿಜಿಟಲ್ ಇಕ್ವಿಪ್‌ಮೆಂಟ್ ಮುಳುಗಿ ಹೋಗಿದ್ದರೂ ಡೋರಿಯೊ ಅವರಿಗೆ ಗೌರವ ಸಲ್ಲಬೇಕಿತ್ತು ಅನ್ನುವುದು ನನ್ನ ವಾದ. ಆದರೆ ಆಗ ಯಾರಾದರೂ ಅವರ ಹೆಸರು ಸೂಚಿಸುತ್ತಿದ್ದರಾ? ಅನುಮಾನ.

ಈ ವೃತ್ತಿಯ ಲೆಕ್ಕವೇ ಹಾಗಿದೆ. ಹಾಕಿದ ದುಡ್ಡಿನಲ್ಲಿ ಜಾಸ್ತಿ ಪಾಲು ಕರಗಿಹೋಗುತ್ತದೆ, ಒಂದೆರಡು ಕಂಪನಿ ಇಡೀ ಫಂಡನ್ನು, ಅಂದರೆ ಬೇರೆಯವರಿಂದ ಕೂಡಿಸಿದ ಹೂಡಿಕೆ ನಿಧಿಯನ್ನು, ಹೊರುತ್ತವೆ. ಹಾಗಾಗಿ ದೊಡ್ಡ ಗೆಲುವು ಇರುವುದು ತಪ್ಪಲ್ಲ. ಅದು ಒಂದೇ ಫಂಡಿನಲ್ಲಿ ಬಂತಾ, ಮೂರ್ನಾಲ್ಕು ಫಂಡುಗಳಲ್ಲಿ ಮತ್ತೆ ಮತ್ತೆ ಬಂತಾ ಅನ್ನುವುದು ಮುಖ್ಯ. ಅದಕ್ಕೆ ಒಳ್ಳೆಯ ಹೂಡಿಕೆಗಳ ಪಟ್ಟಿ ಸಾಲದು, ಎಲ್ಲ ಹೂಡಿಕೆಗಳ ಪಟ್ಟಿ ಕೇಳಬೇಕು.

ಜೊತೆಗೆ ಡಿಪಿಐ ಕೇಳಬೇಕು. ಫಂಡಿಗೆ ದುಡ್ಡು ಕೊಟ್ಟವರ ಕೈಗೆ ನಿಜವಾಗಿ ಎಷ್ಟು ವಾಪಸ್ ಬಂತು ಅನ್ನುವ ಲೆಕ್ಕ ಅದು. ನೂರು ಕೊಟ್ಟವರಿಗೆ ಮುನ್ನೂರು ಸಿಕ್ಕಿದ್ದರೆ ಡಿಪಿಐ ಮೂರು. ಇನ್ನೂ ಮಾರದ ಷೇರಿನ ಬೆಲೆ ಇದರಲ್ಲಿ ಸೇರುವುದಿಲ್ಲ. ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಐಆರ್‌ಆರ್, ಅಂದರೆ ದುಡ್ಡು ಯಾವಾಗ ಹೋಯಿತು, ಯಾವಾಗ ಬಂತು ಅನ್ನುವುದನ್ನೂ ಸೇರಿಸಿ ಹಾಕಿದ ವಾರ್ಷಿಕ ಗಳಿಕೆಯ ದರ. ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೊದಲ ವರ್ಷಗಳಲ್ಲೇ ಒಂದು ಕಂಪನಿ ದೊಡ್ಡ ಲಾಭಕ್ಕೆ ಬೇಗ ಮಾರಾಟವಾದರೆ ಸಾಕು, ಆಮೇಲೆ ಗಳಿಕೆ ಸಾಧಾರಣವಾಗಿದ್ದರೂ ಆ ಸಂಖ್ಯೆ ಎತ್ತರದಲ್ಲೇ ನಿಂತಿರಬಹುದು. ಕಾಗದದ ಮೇಲಿನ ವ್ಯಾಲ್ಯುಯೇಶನ್ ಬಗ್ಗೆ ಹೇಳುವುದೇ ಬೇಡ. ಅಮೆರಿಕದ ರಕ್ತಪರೀಕ್ಷೆ ಕಂಪನಿ ಥೆರಾನೋಸ್ ಒಂದು ಕಾಲಕ್ಕೆ 900 ಕೋಟಿ ಡಾಲರ್ ಬಾಳುತ್ತಿತ್ತು. ಅದರ ಸ್ಥಾಪಕಿಗೆ ಸನ್ಮಾನಗಳಿಗೇನೂ ಕೊರತೆ ಇರಲಿಲ್ಲ. 2022ರಲ್ಲಿ ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ ಜೈಲು ಶಿಕ್ಷೆಯಾಯಿತು.

ಲೆಕ್ಕಕ್ಕಿಂತ ಹೆಚ್ಚು ಹೇಳುವವರು ಸೋತ ಉದ್ಯಮಿಗಳು. ಗೆದ್ದವರು ತಮ್ಮ ಹೂಡಿಕೆದಾರರ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾರೆ, ಅದು ಸಹಜ. ಕಂಪನಿ ಮುಚ್ಚಿದವರಿಗೆ ಫೋನ್ ಮಾಡಿ. ಕೊನೆಯ ತಿಂಗಳ ಸಂಬಳ ಕೊಡಲು ದುಡ್ಡಿಲ್ಲದಾಗ ಇವರು ಫೋನ್ ಎತ್ತಿದರಾ? ಕಂಪನಿ ಕಡಿಮೆ ಬೆಲೆಗೆ ಮಾರಿಹೋದಾಗ ಲಿಕ್ವಿಡೇಶನ್ ಪ್ರಿಫರೆನ್ಸ್, ಅಂದರೆ ಬಂದ ದುಡ್ಡಿನಲ್ಲಿ ಹೂಡಿಕೆದಾರರಿಗೇ ಮೊದಲ ಪಾಲು ಅನ್ನುವ ಕರಾರು, ತೋರಿಸಿ ಎಲ್ಲವನ್ನೂ ಬಾಚಿಕೊಂಡರಾ, ನೌಕರರಿಗೂ ಏನಾದರೂ ಉಳಿಯುವಂತೆ ಮಾಡಿದರಾ? ಮುಂದಿನ ಕಂಪನಿ ಶುರು ಮಾಡುವಾಗ ಮತ್ತೆ ಇವರ ಹತ್ತಿರವೇ ಹೋದಿರಾ? ಈ ಕೊನೆಯ ಪ್ರಶ್ನೆಗೆ ಉತ್ತರ 'ಹೌದು' ಅಂತ ಬಂದರೆ ನನಗೆ ಬೇರೆ ಶಿಫಾರಸು ಪತ್ರ ಬೇಡ.

ಕೈಬಿಟ್ಟ ಅವಕಾಶಗಳನ್ನೂ ಕೇಳಬೇಕು. ಬೆಸೆಮರ್ ವೆಂಚರ್ ಪಾರ್ಟ್‌ನರ್ಸ್ ಅನ್ನುವ ಹೂಡಿಕೆ ಸಂಸ್ಥೆ ತಾನು ಬೇಡ ಅಂದ ಕಂಪನಿಗಳ ಪಟ್ಟಿಯನ್ನು ತಾನೇ ಬಹಿರಂಗವಾಗಿ ಹಾಕಿಕೊಂಡಿದೆ. ಗೂಗಲ್ ಅದರಲ್ಲಿದೆ. ಫೆಡೆಕ್ಸನ್ನು ಏಳು ಸಲ ಬೇಡ ಅಂದಿದ್ದರಂತೆ! ಇಷ್ಟು ಮುಕ್ತವಾಗಿ ಮಾತಾಡುವವರ ಗೆಲುವಿನ ಕಥೆಯನ್ನು ನಂಬುವುದೂ ಸುಲಭ.

ಇನ್ನು ವಯಸ್ಸಿನ ಮಾತು. ವೆಂಚರ್ ಫಂಡಿನ ಅವಧಿ ಸಾಮಾನ್ಯವಾಗಿ ಹತ್ತು ವರ್ಷ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಎರಡು ಫಂಡ್ ಪೂರ್ತಿ ಮುಗಿಯದವರಿಗೆ ಜೀವಮಾನದ ಪ್ರಶಸ್ತಿ ಕೊಡುವುದು ಆತುರ. ಹಾಗಂತ ಅವರು ಹಾಸಿಗೆ ಹಿಡಿಯುವ ತನಕ ಕಾಯುವುದೂ ಸರಿಯಲ್ಲ. ವೇದಿಕೆಯಲ್ಲಿ ಅವರೇ ನಿಂತು ತಮ್ಮ ಕೆಟ್ಟ ಹೂಡಿಕೆಗಳ ಬಗ್ಗೆ ಅರ್ಧ ಗಂಟೆ ಮಾತಾಡುವಂತಿದ್ದರೆ ಕೆಳಗೆ ಕೂತ ಹೊಸಬರಿಗೆ ಅದರಿಂದಲೇ ಹೆಚ್ಚು ಉಪಯೋಗ.